ಸಂಪಾದಕರ ಉತ್ತರ: ರಾತ್ರಿ ಹಡಗು, ಹಗಲು ದ್ವೀಪ

ನಮ್ಮ ಕೊಡಗಿನ ಸುಂಟಿಕೊಪ್ಪದ ಓದುಗರೊಬ್ಬರ ಪತ್ರ ಬಂದಿದೆ. ಅವರ ಮಾತಿನ ಸಾರ ಇಷ್ಟು: "ಕಳೆದ ಸಂಚಿಕೆಯ ಲಕ್ಷದ್ವೀಪ ಹಡಗು ಯಾನದ ಲೇಖನದಲ್ಲಿ ಫೋಟೊ ಜಾಸ್ತಿ, ವಿಷಯ ಕಡಿಮೆ. ನಾವು ನಾಲ್ಕು ಜನ ಹೋಗಬೇಕು ಅಂತಿದ್ದೇವೆ. ಅತ್ತೆಗೆ 71 ವರ್ಷ. ಐದು ದಿನದಲ್ಲಿ ಮೂರು ದ್ವೀಪ ಅಂದರೆ ಬರೀ ಹತ್ತಿ ಇಳಿಯುವುದೇ ಆಗುವುದಿಲ್ಲವೇ? ಒಂದೇ ದ್ವೀಪದಲ್ಲಿ ರೂಮು ಮಾಡಿಕೊಂಡು ಉಳಿಯುವುದು ವಾಸಿ ಅಲ್ವಾ? ಇನ್ನೊಂದು ಮಾತು. ಮಾಂದಲ್‌ಪಟ್ಟಿ ಬೆಟ್ಟಕ್ಕೆ ಪ್ರವಾಸಿಗರನ್ನು ಕರೆದೊಯ್ಯುವ ಜೀಪುಗಳ ಬಗ್ಗೆ, ವಾರದ ಕೊನೆಯ ಜನಜಾತ್ರೆಯ ಬಗ್ಗೆ ಅಷ್ಟು ಖಾರವಾಗಿ ಬರೆಯುವ ನೀವೇ, ಇನ್ನೊಬ್ಬರ ಊರಿಗೆ ನಮ್ಮನ್ನು ಪ್ರವಾಸಿಗರಾಗಿ ಕಳಿಸುತ್ತಿದ್ದೀರಲ್ಲ?"

ನಮಸ್ಕಾರ.

ವಿಷಯ ಕಡಿಮೆ ಇತ್ತು ಎಂಬ ಮಾತು ಒಪ್ಪಿದೆ. ಪುಟ ಕಟ್ಟುವಾಗ ಅದನ್ನು ನಾನೇ ನೋಡಬೇಕಿತ್ತು. ಉಳಿದದ್ದಕ್ಕೆ ಇಲ್ಲಿ ಉತ್ತರ ಕೊಡುತ್ತೇನೆ. ನಾಲ್ಕು ವರ್ಷದ ಹಿಂದೆ ನಾನು, ನನ್ನ ಹೆಂಡತಿ, ವಿರಾಜಪೇಟೆಯ ನನ್ನ ಚಿಕ್ಕಮ್ಮ ಇದೇ ಹಡಗಿನಲ್ಲಿ ಕೊಚ್ಚಿಯಿಂದ ಕಲ್ಪೇನಿ, ಕವರಟ್ಟಿ, ಮಿನಿಕಾಯ್ ದ್ವೀಪಗಳಿಗೆ ಹೋಗಿ ಬಂದಿದ್ದೆವು.

ನಿಮ್ಮ ಕೊನೆಯ ಪ್ರಶ್ನೆ ಎಲ್ಲಕ್ಕಿಂತ ದೊಡ್ಡದು. ಅದನ್ನೇ ಮೊದಲು ತೆಗೆದುಕೊಳ್ಳುತ್ತೇನೆ, ಯಾಕೆಂದರೆ ಹಡಗೋ ರೂಮೋ ಅನ್ನುವುದಕ್ಕೂ ಉತ್ತರ ಅದರಲ್ಲೇ ಇದೆ.

ಲಕ್ಷದ್ವೀಪ ಅಂದರೆ ಎಲ್ಲ ದ್ವೀಪ ಸೇರಿ 32 ಚದರ ಕಿಲೋಮೀಟರ್ ನೆಲ. ಜನ ಇರುವುದು ಹತ್ತು ದ್ವೀಪಗಳಲ್ಲಿ. 2011ರ ಜನಗಣತಿಯಲ್ಲಿ ಅಲ್ಲಿದ್ದವರು 64,473 ಮಂದಿ. ಅಲ್ಲಿ ಒಂದು ಹೊಳೆ ಇಲ್ಲ, ಒಂದು ತೋಡು ಇಲ್ಲ. ಕಾವೇರಿ ಹುಟ್ಟುವ ಜಿಲ್ಲೆಯಿಂದ ಹೋದವರಿಗೆ ಇದು ತಲೆಗೆ ಹೋಗುವುದಕ್ಕೇ ಸ್ವಲ್ಪ ಹೊತ್ತು ಬೇಕು. ಮಳೆ ನೀರು ಹವಳದ ಮರಳಿನಲ್ಲಿ ಇಂಗುತ್ತದೆ. ಇಂಗಿ, ಕೆಳಗಿರುವ ಉಪ್ಪು ನೀರಿನ ಮೇಲೆ ತೆಳ್ಳಗೆ ತೇಲಿಕೊಂಡು ನಿಲ್ಲುತ್ತದೆ. ಸಿಹಿ ನೀರು ಹಗುರ, ಅದಕ್ಕೆ. ಬಾವಿಯಿಂದ ಜಾಸ್ತಿ ಎಳೆದರೆ ಕೆಳಗಿನ ಉಪ್ಪು ಮೇಲೇರಿ ಬರುತ್ತದೆ. ಕವರಟ್ಟಿಯಲ್ಲಿ 2005ರಲ್ಲಿ ಸಮುದ್ರದ ನೀರನ್ನೇ ಕುಡಿಯುವ ನೀರು ಮಾಡುವ ಘಟಕ ಬಂತು. ಮೇಲಿನ ಬೆಚ್ಚಗಿನ ನೀರನ್ನು ಗಾಳಿ ತೆಗೆದ ಕೋಣೆಯಲ್ಲಿ ಆವಿ ಮಾಡುತ್ತಾರೆ. ಆ ಆವಿಯನ್ನು ತಣಿಸಲು ಸಮುದ್ರದ ಆಳದಿಂದ ತಣ್ಣನೆ ನೀರು ಎಳೆಯುತ್ತಾರೆ. ದಿನಕ್ಕೆ ಒಂದು ಲಕ್ಷ ಲೀಟರ್ ನೀರು ಅದರ ಅಳತೆ. ನಮ್ಮಲ್ಲಿ ಒಂದು ದೊಡ್ಡ ರೆಸಾರ್ಟಿಗೆ ನೀರು ಎಷ್ಟು ಬೇಕು ಎಂದು ಲೆಕ್ಕ ಹಾಕಿ ನೋಡಿ, ಆಗ ಗೊತ್ತಾಗುತ್ತದೆ.

ಹಡಗಿನ ಪ್ರವಾಸದಲ್ಲಿ ನಿಮ್ಮ ಸ್ನಾನ, ನಿದ್ದೆ ಎಲ್ಲ ಹಡಗಿನಲ್ಲೇ. ಬೆಳಿಗ್ಗೆ ದ್ವೀಪಕ್ಕೆ ಇಳಿಯುತ್ತೀರಿ, ಮಧ್ಯಾಹ್ನ ಅಲ್ಲಿ ಊಟ ಮಾಡುತ್ತೀರಿ, ಸಂಜೆ ವಾಪಸ್. ರಾತ್ರಿ ಹಡಗು ಮುಂದಿನ ದ್ವೀಪಕ್ಕೆ ಸಾಗುತ್ತದೆ. ದ್ವೀಪದ ಬಾವಿಗೆ, ನೆಲಕ್ಕೆ ನಿಮ್ಮ ಭಾರ ತೀರಾ ಕಡಿಮೆ. ಜನ ಎಷ್ಟು ಬರಬೇಕು ಎನ್ನುವುದಕ್ಕೂ ಅಲ್ಲೊಂದು ಮಿತಿ ಇದೆ. ಭಾರತೀಯರಿಗೂ ಪರವಾನಗಿ ಬೇಕು, 1967ರ ನಿಯಮ ಅದು. ಮಾಂದಲ್‌ಪಟ್ಟಿಗೆ ದಿನಕ್ಕೆ ಇಷ್ಟೇ ಜೀಪು ಅಂತ ನಾವು ಎಷ್ಟು ಸಲ ಕೇಳಿದ್ದೇವೆ! ನಾವು ಕೇಳುತ್ತಿರುವುದು ಅಲ್ಲಿ ಆಗಲೇ ಇದೆ. ಅದಕ್ಕೇ ಧೈರ್ಯವಾಗಿ ನಿಮ್ಮನ್ನು ಹೋಗಿ ಅನ್ನುತ್ತಿದ್ದೇನೆ.

ಇನ್ನು ಹತ್ತಿ ಇಳಿಯುವ ವಿಚಾರ. ಲೇಖನದಲ್ಲಿ ಬಿಟ್ಟುಹೋದ ಮುಖ್ಯ ಸಂಗತಿ ಇದು. ದ್ವೀಪದ ಸುತ್ತ ಹವಳದ ದಿಬ್ಬ, ಅದರ ಒಳಗೆ ಆಳವಿಲ್ಲದ ನೀರು, ಅದೇ ಲಗೂನ್. ದೊಡ್ಡ ಹಡಗು ಲಗೂನಿನ ಒಳಗೆ ಬರುವ ಹಾಗಿಲ್ಲ. ಸಮುದ್ರ ಶಾಂತವಾಗಿದ್ದರೆ ಕೆಲವು ಕಡೆ ಜೆಟ್ಟಿಗೇ ಬರುತ್ತದೆ. ಇಲ್ಲದಿದ್ದರೆ ಹೊರಗೆ ನಿಲ್ಲುತ್ತದೆ, ಹಡಗಿನ ಪಕ್ಕದ ಬಾಗಿಲಿನಿಂದ ಸಣ್ಣ ದೋಣಿಗೆ ದಾಟಬೇಕು. ಆ ದೋಣಿ ಸುಮ್ನೆ ನಿಲ್ಲುವುದಿಲ್ಲ. ಒಂದು ಅಲೆಗೆ ಬಾಗಿಲಿನ ಮಟ್ಟಕ್ಕೆ ಏಳುತ್ತದೆ, ಮರುಕ್ಷಣ ಮೊಣಕಾಲಿಗಿಂತ ಕೆಳಗೆ ಇಳಿದುಬಿಡುತ್ತದೆ. ನನ್ನ ಚಿಕ್ಕಮ್ಮ ಬಾಗಿಲ ಬಳಿ ನಿಂತು ಸೀರೆ ಸೊಂಟಕ್ಕೆ ಸಿಕ್ಕಿಸಿಕೊಂಡರು. ಒಬ್ಬ ಹುಡುಗ ಹಡಗಿನಲ್ಲಿ, ಇನ್ನೊಬ್ಬ ದೋಣಿಯಲ್ಲಿ. ಇಬ್ಬರೂ ಅವರ ರಟ್ಟೆ ಹಿಡಿದು, ದೋಣಿ ಮೇಲೇಳುವುದನ್ನೇ ನೋಡುತ್ತಿದ್ದರು. ಒಂದು ಅಲೆ ಬಿಟ್ಟರು, ಎರಡನೆಯದನ್ನೂ ಬಿಟ್ಟರು. ಮೂರನೆಯದಕ್ಕೆ ಒಬ್ಬ "ಹಾಂ" ಅಂದ. ಚಿಕ್ಕಮ್ಮ ಕಾಲಿಟ್ಟರು, ದೋಣಿ ಅವರನ್ನು ಹೊತ್ತುಕೊಂಡು ಕೆಳಗಿಳಿಯಿತು. ಅಷ್ಟೇ. ಅವರಿಗಾಗ 68. ನನ್ನ ಎದೆ ಮಾತ್ರ ಆಮೇಲೂ ಬಹಳ ಹೊತ್ತು ಹೊಡೆದುಕೊಳ್ಳುತ್ತಿತ್ತು.

ನಿಮ್ಮ ಅತ್ತೆಗೆ ಮನೆಯ ಮೆಟ್ಟಿಲು ಕೈ ಹಿಡಿಯದೆ ಇಳಿಯಲು ಆಗುತ್ತದಾದರೆ ಧೈರ್ಯವಾಗಿ ಕರೆದುಕೊಂಡು ಹೋಗಿ. ಮಂಡಿ ನೋವು ಜೋರಿದ್ದರೆ ಬೇಡ. ಹೋದರೂ ಹೀಗೆ ದೋಣಿಗೆ ದಾಟಬೇಕಾದ ದಿನಗಳಲ್ಲಿ ಹಡಗಿನಲ್ಲೇ ಉಳಿಯಬೇಕಾಗುತ್ತದೆ. ವಾಂತಿ ಮಾತ್ರೆಯನ್ನು ಡಾಕ್ಟರ ಹತ್ತಿರ ಮೊದಲೇ ಕೇಳಿ ಇಟ್ಟುಕೊಳ್ಳಿ, ತಲೆ ಸುತ್ತಲು ಶುರುವಾಗುವ ಮೊದಲೇ ನುಂಗಿ. ಮಿನಿಕಾಯ್‌ಗೆ ಹೋಗುವ ರಾತ್ರಿ ಒಂಬತ್ತು ಡಿಗ್ರಿ ಕಾಲುವೆ ದಾಟಬೇಕು. ಅದು ತೆರೆದ ಕಡಲು, ಕುಲುಕಾಟ ಜಾಸ್ತಿ. ನನ್ನ ಹೆಂಡತಿ ಆ ರಾತ್ರಿ ಏನೂ ತಿನ್ನದೆ ಮಲಗಿದ್ದಳು. ಬೆಳಿಗ್ಗೆ ಡೆಕ್‌ಗೆ ಬಂದು ಗಾಳಿ ಕುಡಿದ ಮೇಲೆ ಸರಿಹೋಯಿತು.

ಮೂರು ದ್ವೀಪ ಒಂದೇ ಥರ ಇರುತ್ತವಾ ಅಂತ ಕೇಳಿದರೆ ಇಲ್ಲ ಅನ್ನುತ್ತೇನೆ. ಕಲ್ಪೇನಿಯ ಲಗೂನ್ ದೊಡ್ಡದು, ಈಜು ಬರದವರೂ ನೀರಿನಲ್ಲಿ ಕೂತು ಕಾಲ ಕಳೆಯಬಹುದು. ಅಲ್ಲಿನ ಪೂರ್ವದ ದಡದಲ್ಲಿ 1847ರ ಬಿರುಗಾಳಿ ಎತ್ತಿ ಹಾಕಿದ ಹವಳದ ಬಂಡೆಗಳ ಸಾಲು ಇದೆ. ಅದನ್ನು ನೋಡಿ ನನಗೆ 2018ರ ನಮ್ಮ ಕೊಡಗಿನ ಭೂಕುಸಿತ ನೆನಪಾಯಿತು, ಅಲ್ಲಿಂದ ಬೇಗ ಬಂದುಬಿಟ್ಟೆ. ಕವರಟ್ಟಿ ರಾಜಧಾನಿ, ಅಲ್ಲಿನ ಉಜ್ರಾ ಮಸೀದಿಯ ಮರದ ಕೆತ್ತನೆ ನೋಡಬೇಕು.

ನನಗೆ ಮನಸ್ಸು ನಿಂತದ್ದು ಮಿನಿಕಾಯ್‌ನಲ್ಲಿ. ಉಳಿದ ದ್ವೀಪಗಳಲ್ಲಿ ಮಲಯಾಳಕ್ಕೆ ಹತ್ತಿರದ ಮಾತು, ಇಲ್ಲಿ ಮಾಲ್ಡೀವ್ಸ್ ಕಡೆಯ ಮಹಲ್ ಭಾಷೆ. 1885ರ ದೀಪಸ್ತಂಭ ಈಗಲೂ ಇದೆ. ಟ್ಯೂನಾ ಹಿಡಿಯುವುದಕ್ಕೆ ಇಲ್ಲಿ ಬಲೆ ಬೀಸುವುದಿಲ್ಲ. ಜೀವಂತ ಸಣ್ಣ ಮೀನನ್ನು ಕಡಲಿಗೆ ಎಸೆದು ಟ್ಯೂನಾ ಹಿಂಡನ್ನು ದೋಣಿ ಬಳಿಗೆ ಕರೆಯುತ್ತಾರೆ, ಕೋಲಿನ ಗಾಳದಲ್ಲಿ ಒಂದೊಂದಾಗಿ ಎತ್ತಿ ಹಾಕುತ್ತಾರೆ. ಆ ಮೀನನ್ನು ಬೇಯಿಸಿ, ಹೊಗೆ ಕೊಟ್ಟು, ಬಿಸಿಲಿಗೆ ಒಣಗಿಸಿದರೆ "ಮಾಸ್". ಒಂದು ತುಂಡು ನನ್ನ ಕೈಗೆ ಕೊಟ್ಟರು. ಬೀಟೆ ಮರದ ಚೂರಿನ ಹಾಗೆ ಕಪ್ಪಗೆ, ಗಟ್ಟಿಗೆ. ಮೇಜಿಗೆ ತಟ್ಟಿದರೆ ಟಕ್ ಅಂತ ಸದ್ದು. ಚಿಕ್ಕಮ್ಮ ಅದನ್ನು ಮೂಸಿ, ಉಗುರಿನಿಂದ ಕೆರೆದು, ತಮಗೆ ಬರುವ ಮಲಯಾಳದಲ್ಲಿ ಅಲ್ಲಿನ ಹೆಂಗಸಿನ ಹತ್ತಿರ ಎಷ್ಟು ತಿಂಗಳು ಕೆಡದೆ ಇರುತ್ತದೆ, ಹುಳಿಗೆ ಏನು ಹಾಕುತ್ತೀರಿ ಎಂದೆಲ್ಲ ವಿಚಾರಿಸಿದರು. ಮಳೆಗಾಲಕ್ಕೆ ಒಣಮೀನು ಕೂಡಿಡುವ ಮನೆಯವರು ಇಬ್ಬರೂ. ಹತ್ತು ನಿಮಿಷದಲ್ಲಿ ಗೆಳತಿಯರಾಗಿಬಿಟ್ಟರು. ರೂಮು ಮಾಡಿಕೊಂಡು ಒಂದೇ ಕಡೆ ಉಳಿದಿದ್ದರೆ ಅವರು ಮಿನಿಕಾಯ್ ಮುಟ್ಟುತ್ತಲೇ ಇರಲಿಲ್ಲ.

ಬೇರೆಯವರ ಊರು ಅಂದಿರಿ. ಅಷ್ಟೊಂದು ಬೇರೆಯದೂ ಅಲ್ಲ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ದ್ವೀಪಗಳು ಒಮ್ಮೆ ಟಿಪ್ಪುವಿನ ಕೈಯಲ್ಲಿದ್ದವು. 1799ರ ಮೇಲೆ ಈಸ್ಟ್ ಇಂಡಿಯಾ ಕಂಪನಿ ಪಾಲಾಗಿ, ಮುಂದೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. 1956ರ ನವೆಂಬರ್ 1ರಂದು ಎಲ್ಲ ದ್ವೀಪ ಸೇರಿ ಕೇಂದ್ರಾಡಳಿತ ಪ್ರದೇಶವಾಯಿತು. ಅದೇ ದಿನ ನಮ್ಮ ಕೊಡಗು ರಾಜ್ಯ ಮೈಸೂರಿನ ಜೊತೆ ಸೇರಿತು. ಒಂದೇ ಬೆಳಗಿನಲ್ಲಿ ಎರಡು ಪುಟ್ಟ ಊರುಗಳ ಭೂಪಟ ಬದಲಾಯಿತು, ಕವರಟ್ಟಿಯ ಜೆಟ್ಟಿಯಲ್ಲಿ ನಿಂತಾಗ ನನಗೆ ಇದೇ ಯೋಚನೆ.

ಒಂದು ಬೇಸರವನ್ನೂ ಹೇಳಬೇಕು. ಫೋಟೊದಲ್ಲಿ ಕಾಣುವ ಬಣ್ಣದ ಹವಳ ಎಲ್ಲ ಕಡೆ ಸಿಗುವುದಿಲ್ಲ. ಕಡಲು ಕಾದು 1998, 2010, 2016ರಲ್ಲಿ ಅಲ್ಲಿನ ಹವಳ ಬಿಳಿಚಿಕೊಂಡು ತುಂಬಾ ಸತ್ತಿತು. ಗಾಜಿನ ತಳದ ದೋಣಿಯಲ್ಲಿ ನಾನು ಕಂಡದ್ದು ಬೂದು ಬಣ್ಣದ ಮುರುಕುಗಳು, ನಡುವೆ ಅಲ್ಲೊಂದು ಇಲ್ಲೊಂದು ಜೀವ ಹಿಡಿದ ಹೊಸ ಚಿಗುರು. ಅದರ ಮೇಲೆ ಕಾಲಿಡಬೇಡಿ. ದಡದಲ್ಲಿ ಬಿದ್ದ ಹವಳದ ಚೂರನ್ನೂ ಮನೆಗೆ ತರಬೇಡಿ, ವನ್ಯಜೀವಿ ಕಾಯ್ದೆಯಲ್ಲಿ ಅದು ಅಪರಾಧ. ನೀರಿನ ಬಾಟಲಿ, ಬಿಸ್ಕತ್ತಿನ ಕವರ್ ಎಲ್ಲ ಹಡಗಿಗೇ ವಾಪಸ್ ತನ್ನಿ. ಅಬ್ಬಿ ಜಲಪಾತದ ದಾರಿಯಲ್ಲಿ ನಾವು ಏನು ಹೆಕ್ಕುತ್ತೇವೆ ಅಂತ ನಿಮಗೆ ಗೊತ್ತಲ್ಲ.

ಯಾವಾಗ ಹೋಗುವುದು? ಮೇ ಮಧ್ಯದ ಮೇಲೆ ಮಳೆಗಾಲದ ಕಡಲು, ಪ್ರವಾಸದ ಹಡಗು ಇರುವುದಿಲ್ಲ. ನೀವು ರೋಬಸ್ಟಾ ಕಾಫಿ ಬೆಳೆಗಾರರು. ಹೂ ಅರಳಿಸುವ ನೀರು, ಆಮೇಲೆ ಕೊಡುವ ಬ್ಯಾಕಿಂಗ್ ನೀರು ಎರಡೂ ಮುಗಿಸಿ ಏಪ್ರಿಲ್ ಮೊದಲ ವಾರ ಹೊರಟರೆ ಮನಸ್ಸಿಗೂ ನಿರಾಳ. ಟಿಕೆಟ್ ಮಾತ್ರ ಕೊಯ್ಲಿನ ಹೊತ್ತಿಗೇ ಮಾಡಿ, ಪರವಾನಗಿಗೆ ದಿನ ಹಿಡಿಯುತ್ತದೆ. ಹಡಗಿನ ದಿನಾಂಕ, ದರ ಎರಡೂ ಬದಲಾಗುತ್ತಿರುತ್ತವೆ. ಕೊಚ್ಚಿಯ ವಿಲಿಂಗ್ಡನ್ ದ್ವೀಪದಲ್ಲಿ ಲಕ್ಷದ್ವೀಪ ಆಡಳಿತದ ಪ್ರವಾಸ ಕಚೇರಿ ಇದೆ, ನೇರವಾಗಿ ಅಲ್ಲೇ ವಿಚಾರಿಸಿ. ನಾವು ಒಬ್ಬ ಏಜೆಂಟನ ಮೂಲಕ ಹೋಗಿ, ಕೇಳಿದ್ದ ಕೆಳಗಿನ ಬರ್ತ್ ಸಿಗದೆ ಒದ್ದಾಡಿದ್ದೆವು. ಮಾಕುಟ್ಟ ಘಾಟಿ ಇಳಿದು ಕಣ್ಣೂರಿಗೆ ಹೋಗಿ ಎರ್ನಾಕುಲಂ ರೈಲು ಹತ್ತಿ. ಹಡಗು ಹೊರಡುವ ಹಿಂದಿನ ದಿನವೇ ಕೊಚ್ಚಿಯಲ್ಲಿರಿ, ಅತ್ತೆಗೆ ಒಂದು ರಾತ್ರಿ ವಿಶ್ರಾಂತಿ ಸಿಗಲಿ.

ಚಿಕ್ಕಮ್ಮ ತಂದ ಮಾಸ್‌ನಲ್ಲಿ ಕೊನೆಯ ಒಂದು ತುಂಡು ಆ ವರ್ಷ ಪುತ್ತರಿ ಹಬ್ಬದವರೆಗೂ ಡಬ್ಬಿಯಲ್ಲಿತ್ತು. ನೀವು ಮಿನಿಕಾಯ್‌ಗೆ ಹೋದರೆ ತಮಗೊಂದು ಅರ್ಧ ಕಿಲೋ ತರಬೇಕಂತೆ. ಹೇಳಿ ಅಂದಿದ್ದಾರೆ, ಹೇಳಿದ್ದೇನೆ.

– ಸಂಪಾದಕ