ಮಡಗಾಂವದಲ್ಲಿ ಹುಟ್ಟಿದ ತಾಯಿ ಯಾವ ದೇಶದ ಪ್ರಜೆ?

ಪ್ರಶ್ನೆ: ನನ್ನ ತಾಯಿ 1934ರಲ್ಲಿ ಗೋವಾದ ಮಡಗಾಂವದಲ್ಲಿ ಹುಟ್ಟಿ, 1953ರಲ್ಲಿ ಮದುವೆಯಾಗಿ ಕಾರವಾರಕ್ಕೆ ಬಂದವರು. ನಾನು ಹುಟ್ಟಿದ್ದು 1962ರಲ್ಲಿ, ಕಾರವಾರದಲ್ಲಿಯೇ. ತಾಯಿಯ ಟ್ರಂಕಿನಲ್ಲಿ ಪೋರ್ಚುಗೀಸ್ ಭಾಷೆಯ, ಶಾಯಿ ಮಾಸಿದ ಜನನ ದಾಖಲೆಯೊಂದಿದೆ. ಅದರ ಆಧಾರದ ಮೇಲೆ ನನ್ನ ಮಗ ಪೋರ್ಚುಗಲ್ ಪಾಸ್‌ಪೋರ್ಟಿಗೆ ಪ್ರಯತ್ನಿಸಬೇಕೆಂದಿದ್ದಾನೆ. ಭಾರತದ ಪೌರತ್ವಕ್ಕೆಂದು ತಾಯಿ ಎಂದೂ ಅರ್ಜಿ ಹಾಕಿದವರಲ್ಲ. ಅವರು ಯಾವ ದೇಶದ ಪ್ರಜೆ?
— ಓದುಗರೊಬ್ಬರು, ಕಾರವಾರ

ಉತ್ತರ: ನಿಮ್ಮ ತಾಯಿ ಭಾರತದ ಪ್ರಜೆ, ಅರ್ಜಿ ಹಾಕದಿದ್ದುದರಿಂದ ಅದಕ್ಕೆ ಯಾವ ಕುಂದೂ ಬಂದಿಲ್ಲ. ಅವರು ಹುಟ್ಟಿದಾಗ ಪೋರ್ಚುಗೀಸರ ಆಳ್ವಿಕೆಯಲ್ಲಿದ್ದ ಗೋವಾ 1961ರ ಡಿಸೆಂಬರ್‌ನಲ್ಲಿ ಭಾರತಕ್ಕೆ ಸೇರಿತು. ಹೊಸ ಪ್ರದೇಶವೊಂದು ದೇಶಕ್ಕೆ ಸೇರಿದಾಗ ಅಲ್ಲಿಯ ಯಾರು ಪ್ರಜೆಗಳಾಗುತ್ತಾರೆಂದು ಗೊತ್ತುಪಡಿಸುವ ಅಧಿಕಾರವನ್ನು 1955ರ ಪೌರತ್ವ ಕಾಯ್ದೆಯ 7ನೇ ಕಲಮು ಕೇಂದ್ರ ಸರ್ಕಾರಕ್ಕೆ ಕೊಟ್ಟಿದೆ. ಅದರಂತೆ 1962ರ ಮಾರ್ಚ್‌ನಲ್ಲಿ ಹೊರಟ ಗೋವಾ, ದಮನ್ ಮತ್ತು ದಿಯು ಪೌರತ್ವ ಆದೇಶವು, 1961ರ ಡಿಸೆಂಬರ್ 20ಕ್ಕೆ ಮೊದಲು ಅಲ್ಲಿ ಹುಟ್ಟಿದವರನ್ನೂ, ತಂದೆತಾಯಿಯರಲ್ಲಿ ಅಥವಾ ಅಜ್ಜ ಅಜ್ಜಿಯರಲ್ಲಿ ಒಬ್ಬರು ಅಲ್ಲಿ ಹುಟ್ಟಿದ್ದವರನ್ನೂ ಆ ದಿನದಿಂದಲೇ ಭಾರತದ ಪ್ರಜೆಗಳೆಂದು ಪರಿಗಣಿಸಿತು. ಆದೇಶ ನೋಡಿದ್ದು ಹುಟ್ಟನ್ನು, ವಾಸವನ್ನಲ್ಲ. ಆದ್ದರಿಂದ ಆ ಹೊತ್ತಿಗೆ ಕಾರವಾರದಲ್ಲಿದ್ದ ನಿಮ್ಮ ತಾಯಿಗೂ ಅದು ಅನ್ವಯಿಸಿತು. ನಿಮ್ಮ ಊರಿನ ಕಡಲಲ್ಲೇ ಕಾಣುವ, ಆಗ ಪೋರ್ಚುಗೀಸರ ವಶದಲ್ಲಿದ್ದ ಅಂಜದೀವ್ ದ್ವೀಪದಲ್ಲಿ ಹುಟ್ಟಿದವರಿಗೂ ಇದೇ ನಿಯಮ.

ಹಳೆಯ ಪೌರತ್ವವೇ ಬೇಕೆನ್ನುವವರು ಆದೇಶ ಪ್ರಕಟವಾದ ಒಂದು ತಿಂಗಳೊಳಗೆ ಲಿಖಿತವಾಗಿ ತಿಳಿಸಬೇಕಾಗಿತ್ತು. ಸುಮ್ಮನಿದ್ದವರು ಭಾರತೀಯರಾದರು. ಅಷ್ಟು ದೊಡ್ಡ ನಿರ್ಧಾರಕ್ಕೆ ಒಂದು ತಿಂಗಳು ಬಹಳ ಕಡಿಮೆಯಾಯಿತೆಂದು ನನಗೆ ಅನ್ನಿಸುತ್ತದೆ. ಹಾಗೆ ಬರೆದುಕೊಟ್ಟವರಲ್ಲಿ ಪಾದ್ರಿ ಮೊಂತೇರೊ ಒಬ್ಬರು. ಅವರಿಗೆ ಕೊಟ್ಟಿದ್ದ ವಾಸದ ಪರವಾನಗಿಯ ಅವಧಿ 1964ರಲ್ಲಿ ಮುಗಿದ ಮೇಲೂ ಗೋವಾದಲ್ಲೇ ಉಳಿದುದಕ್ಕೆ ಶಿಕ್ಷೆಯಾಯಿತು. 1969ರಲ್ಲಿ ಸುಪ್ರೀಂ ಕೋರ್ಟ್ ಅವರ ಮೇಲ್ಮನವಿಯನ್ನು ತಳ್ಳಿಹಾಕಿತು. ಹುಟ್ಟಿದ ನೆಲದಲ್ಲೇ ಅವರು ವಿದೇಶೀಯರಾಗಿದ್ದರು.

ಇನ್ನು ಪೋರ್ಚುಗಲ್ಲಿನ ಮಾತು. ಗೋವಾದ ಮೇಲೆ ಭಾರತದ ಸಾರ್ವಭೌಮತ್ವವನ್ನು ಅದು ಒಪ್ಪಿದ್ದು 1974ರ ಕೊನೆಯಲ್ಲಿ ಸಹಿಯಾದ ಒಪ್ಪಂದದಲ್ಲಿ. 1961ಕ್ಕೆ ಮೊದಲು ಅಲ್ಲಿ ಹುಟ್ಟಿದವರು ಲಿಸ್ಬನ್‌ನಲ್ಲಿ ಜನನವನ್ನು ದಾಖಲಿಸಿಕೊಂಡು ತನ್ನ ಪ್ರಜೆಗಳೆನಿಸಿಕೊಳ್ಳಲು ಅದರ ಕಾನೂನು ಇಂದಿಗೂ ಅವಕಾಶ ಕೊಡುತ್ತದೆ. ನಮ್ಮ ಕಾಯ್ದೆಯ 9ನೇ ಕಲಮಾದರೋ, ಸ್ವಇಚ್ಛೆಯಿಂದ ಬೇರೆ ದೇಶದ ಪೌರತ್ವ ಪಡೆದವನು ಭಾರತದ ಪ್ರಜೆಯಾಗಿ ಉಳಿಯುವುದಿಲ್ಲವೆನ್ನುತ್ತದೆ. ವಿದೇಶಿ ಪಾಸ್‌ಪೋರ್ಟ್ ಪಡೆಯುವುದೇ ಅದಕ್ಕೆ ನಿರ್ಣಾಯಕ ಸಾಕ್ಷ್ಯ. ಆಮೇಲೆ, ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಓಸಿಐ ಕಾರ್ಡ್ ಸಿಗಬಹುದಾದರೂ ಮತದಾನದ ಹಕ್ಕಾಗಲಿ, ಕೃಷಿ ಜಮೀನು ಕೊಳ್ಳುವ ಹಕ್ಕಾಗಲಿ ಅದರಿಂದ ಬರುವುದಿಲ್ಲ.

ನಿಮ್ಮ ಮಗ ಗಮನಿಸಬೇಕಾದದ್ದು ಇನ್ನೊಂದಿದೆ. ಅವನ ಹಕ್ಕು ಅಜ್ಜಿಯಿಂದ ಬರುವುದರಿಂದ ಮೊದಲು ಅವರ ಜನನವೂ ನಂತರ ನಿಮ್ಮದೂ ಲಿಸ್ಬನ್‌ನಲ್ಲಿ ದಾಖಲಾಗಬೇಕಾಗುತ್ತದೆ. ಬರೀ ನೋಂದಣಿಯಿಂದಲೇ ಭಾರತದ ಪೌರತ್ವ ಹೋಗುತ್ತದೆಯೇ ಎಂಬುದು ಗೋವಾದಲ್ಲಿ ವಿವಾದವಾಗಿರುವ ಸಂಗತಿ; ಅಂಥ ಪ್ರಶ್ನೆ ಎದ್ದಾಗ ತೀರ್ಮಾನಿಸುವ ಅಧಿಕಾರ ಕೇಂದ್ರ ಸರ್ಕಾರದ್ದು. ಆದ್ದರಿಂದ ಪೌರತ್ವ ಕಾನೂನು ಬಲ್ಲ ವಕೀಲರಿಗೆ ಕಾಗದಗಳನ್ನೆಲ್ಲ ತೋರಿಸುವ ತನಕ, ತೊಂಬತ್ತು ದಾಟಿದ ನಿಮ್ಮ ತಾಯಿಯಿಂದ ಯಾವ ಅರ್ಜಿಗೂ ಸಹಿ ಮಾಡಿಸಬೇಡಿ.