ಎಲ್ಲಾ ಟೂಲ್ಸೂ ಬ್ಯಾಟರಿಯದ್ದೇ ಬೇಕಾ?

ಹೊಸ ಮನೆಗೆ ಬಂದಿದ್ದೀರಿ. ಹಿಂದಿನ ಶೆಡ್ಡಿನಲ್ಲಿ ಮರಗೆಲಸವನ್ನೂ ಶುರು ಮಾಡಬೇಕು ಅಂತಿದ್ದೀರಿ. ಡ್ರಿಲ್, ಗ್ರೈಂಡರ್, ಗರಗಸ ಎಲ್ಲವನ್ನೂ ಕಾರ್ಡ್‌ಲೆಸ್ಸೇ ತೆಗೆದುಕೊಳ್ಳಲಾ, ಅಮೆರಿಕದಲ್ಲಿರುವ ಅಣ್ಣನ ಕೈಲಿ ತರಿಸಲಾ ಅಂತ ಕೇಳಿದ್ದೀರಿ, ಅಲ್ವಾ?

ಎಲ್ಲವೂ ಬೇಡ. ನಾನು ಸಾಗರದ ಕಡೆಯವನು. ಹಳೇ ಕೊಟ್ಟಿಗೆಯನ್ನೇ ವರ್ಕ್‌ಶಾಪ್ ಮಾಡಿಕೊಂಡು ಹನ್ನೊಂದು ವರ್ಷವಾಯಿತು. ಏಣಿ ಹತ್ತುವಾಗ ಕೈಯಲ್ಲಿ ಹಿಡಿದುಕೊಂಡು ಹೋಗುವ ಟೂಲು ನನ್ನ ಹತ್ತಿರ ಬ್ಯಾಟರಿಯದ್ದಿದೆ. ಒಂದೇ ಕಡೆ ನಿಂತು ತುಂಬಾ ಹೊತ್ತು ಓಡಿಸುವುದೆಲ್ಲ ವೈರಿನದ್ದು.

ಲೆಕ್ಕ ನೋಡಿ. 18 ವೋಲ್ಟಿನ, 5 ಆಂಪಿಯರ್-ಅವರ್ ಬ್ಯಾಟರಿ ಅಂದರೆ 18×5, 90 ವ್ಯಾಟ್-ಅವರ್. ಅಂದರೆ 90 ವ್ಯಾಟಿನ ಟೂಲು ಒಂದು ಗಂಟೆ ಓಡುವಷ್ಟು. ನಮ್ಮಲ್ಲಿ ಸಿಗುವ ವೈರಿನ 4 ಇಂಚಿನ ಗ್ರೈಂಡರ್ 700ರಿಂದ 850 ವ್ಯಾಟಿನದ್ದು. ಅಷ್ಟೇ ಜೋರಾಗಿ ಕೆಲಸ ತೆಗೆದರೆ ಆ ದೊಡ್ಡ ಬ್ಯಾಟರಿ ಏಳು ನಿಮಿಷದ ಆಸುಪಾಸಿನಲ್ಲಿ ಖಾಲಿ. ಅದೇ ಬ್ಯಾಟರಿಯನ್ನು ಡ್ರಿಲ್ಲಿಗೆ ಹಾಕಿ ಕಪಾಟಿನ ಸ್ಕ್ರೂ ಬಿಗಿದರೆ ಇಡೀ ದಿನ ಬರುತ್ತದೆ. ಮಳೆಗಾಲದಲ್ಲಿ ಕರೆಂಟ್ ಹೋದಾಗಲೂ ಕೆಲಸ ನಿಲ್ಲುವುದಿಲ್ಲ.

ಹಾಗಾಗಿ ಮೊದಲು ಒಂದು 18 ವೋಲ್ಟಿನ ಡ್ರಿಲ್ ತೆಗೆದುಕೊಳ್ಳಿ. ತಿರುಗುತ್ತಾ ಬಡಿಯುವ ಹ್ಯಾಮರ್ ಮೋಡ್ ಇರಲಿ, 13 ಮಿ.ಮೀ. ಚಕ್ (ಕೊರೆಯುವ ಬಿಟ್ ಹಿಡಿಯುವ ಬಾಯಿ) ಇರಲಿ, ಸಾಧ್ಯವಾದರೆ ಬ್ರಷ್‌ಲೆಸ್ (ಕಾರ್ಬನ್ ಬ್ರಷ್ ಇಲ್ಲದ ಮೋಟರ್) ಇರಲಿ. ಬ್ಯಾಟರಿ ಎರಡು ಬೇಕೇ ಬೇಕು, 2 ಆಂಪಿಯರ್-ಅವರಿನದ್ದಾದರೂ ಸಾಕು. ಒಂದು ಚಾರ್ಜಿಗೆ ಕೂತಾಗ ಇನ್ನೊಂದು ಕೈಯಲ್ಲಿರುತ್ತದೆ.

ಒಂದು ವಿಷಯ ಅಂಗಡಿಯವರು ಸಾಮಾನ್ಯವಾಗಿ ಹೇಳುವುದಿಲ್ಲ. ಈ ಡ್ರಿಲ್ ಇಟ್ಟಿಗೆ ಗೋಡೆಗೆ, ನಮ್ಮ ಜಂಬಿಟ್ಟಿಗೆ ಗೋಡೆಗೆ ಚೆನ್ನಾಗಿ ಇಳಿಯುತ್ತದೆ. ಹಗುರ ಎಎಸಿ ಬ್ಲಾಕ್ ಆಗಿದ್ದರೆ ಹ್ಯಾಮರ್ ಆಫ್ ಮಾಡಿ, ಇಲ್ಲದಿದ್ದರೆ ತೂತು ಅಗಲವಾಗಿ ರಾಲ್‌ಪ್ಲಗ್ (ಸ್ಕ್ರೂ ಹಿಡಿಯಲು ತೂತಿಗೆ ಹಾಕುವ ಪ್ಲಾಸ್ಟಿಕ್ ಪ್ಲಗ್) ನಿಲ್ಲುವುದಿಲ್ಲ. ಆದರೆ ಹೊಸ ಮನೆಯಲ್ಲಿ ಎಲ್ಲರೂ ಮೊದಲು ಮಾಡುವ ಕೆಲಸ ಕರ್ಟನ್ ರಾಡ್ ಹಾಕುವುದು. ಕಿಟಕಿಯ ಮೇಲೆ ಇರುವುದು ಆರ್‌ಸಿಸಿ ಲಿಂಟಲ್, ಅಂದರೆ ಕಾಂಕ್ರೀಟ್ ತೊಲೆ! ಅಲ್ಲಿ ಈ ಡ್ರಿಲ್ಲಿನದ್ದು ಸದ್ದೇ ಹೆಚ್ಚು, ಬಿಟ್ ತುಂಬಾ ಬಿಸಿಯಾಗುತ್ತದೆ, ತೂತು ಬಹಳ ನಿಧಾನವಾಗಿ ಇಳಿಯುತ್ತದೆ. ಕಾಂಕ್ರೀಟಿಗೆ ರೋಟರಿ ಹ್ಯಾಮರ್ ಬೇಕು. ಅದರೊಳಗೆ ಪಿಸ್ಟನ್ ಗಾಳಿಯನ್ನು ಒತ್ತಿ ಬಿಟ್ಟಿನ ಹಿಂದೆ ನಿಜವಾದ ಪೆಟ್ಟು ಕೊಡುತ್ತದೆ. ಬಿಟ್ ಕೂಡ ಬೇರೆ, ಎಸ್‌ಡಿಎಸ್ ಪ್ಲಸ್ ಅಂತ. ವರ್ಷಕ್ಕೆ ನಾಲ್ಕು ತೂತಿಗೆ ಇದನ್ನು ಕೊಳ್ಳಬೇಡಿ, ಬಾಡಿಗೆಗೆ ತನ್ನಿ. ಕೊಳ್ಳುವುದಾದರೆ ವೈರಿನ 2 ಕಿಲೋ ಕ್ಲಾಸಿನದ್ದು ಕೊಳ್ಳಿ.

ಎರಡನೆಯದು ಇಂಪ್ಯಾಕ್ಟ್ ಡ್ರೈವರ್. ಹಲಸು, ಹೊನ್ನೆ, ಮತ್ತಿಯಂಥ ಗಟ್ಟಿ ಮರಕ್ಕೆ ಮೂರಿಂಚಿನ ಸ್ಕ್ರೂ ಇಳಿಸುವಾಗ ಡ್ರಿಲ್ ಮಣಿಕಟ್ಟನ್ನು ತಿರುಚುತ್ತದೆ. ಇದು ಹಾಗೆ ಮಾಡುವುದಿಲ್ಲ, ಬಡಿದು ಬಡಿದು ತಿರುಗಿಸುತ್ತದೆ. ಆದರೂ ಮೊದಲು ಸಣ್ಣ ತೂತು ಹಾಕಿಕೊಳ್ಳಿ, ಇಲ್ಲದಿದ್ದರೆ ಮರ ಸೀಳುತ್ತದೆ ಇಲ್ಲವೇ ಸ್ಕ್ರೂ ಮುರಿಯುತ್ತದೆ. ತಗಡಿನ ಮಾಡಿಗೆ ಸ್ಕ್ರೂ ಹಾಕುವುದಕ್ಕೂ ಇದೇ ಸರಿ. ಸದ್ದು ವಿಪರೀತ, ಕಿವಿಗೆ ಏನಾದರೂ ಹಾಕಿಕೊಳ್ಳಿ. ಆಮೇಲೆ ಬೇಕಾದರೆ ಜಿಗ್‌ಸಾ, ಬಾಗಿದ ಗೆರೆ ಕೊಯ್ಯುವ ಸಣ್ಣ ಗರಗಸ.

ಸರ್ಕ್ಯುಲರ್ ಸಾ (ದುಂಡು ಬ್ಲೇಡಿನ ಗರಗಸ), ಗ್ರೈಂಡರ್, ಪ್ಲೇನರ್ (ಮರ ಹೆರೆಯುವ ಮಷೀನು) ವೈರಿನವೇ ಇರಲಿ. ದಯವಿಟ್ಟು ಗ್ರೈಂಡರಿಗೆ ಮರ ಕೊಯ್ಯುವ ಹಲ್ಲಿನ ಬ್ಲೇಡ್ ಹಾಕಬೇಡಿ. ತುಂಬಾ ಜನ ಹಾಕುತ್ತಾರೆ, ನಾನು ನೋಡಿದ್ದೇನೆ. ಗ್ರೈಂಡರ್ ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತದೆ, ಸರ್ಕ್ಯುಲರ್ ಸಾ ಅದರ ಅರ್ಧದ ಆಸುಪಾಸು. ಹಲ್ಲು ಮರದಲ್ಲಿ ಕಚ್ಚಿಕೊಂಡರೆ ಮಷೀನು ಕೈಯಿಂದ ಹಾರಿ ಮೈಮೇಲೆ ಬರುತ್ತದೆ.

ಕಂಪನಿ ಯಾವುದು ಅನ್ನುವುದಕ್ಕಿಂತ ಬ್ಯಾಟರಿ ಯಾವುದು ಅಂತ ಯೋಚಿಸಿ. ಒಮ್ಮೆ ಒಂದು ಬ್ಯಾಟರಿಗೆ ಸೇರಿದರೆ ಮುಂದಿನ ಟೂಲೂ ಅದಕ್ಕೇ ಹೊಂದಬೇಕು. ಒಂದೇ ಕಂಪನಿಯಲ್ಲೂ ಗುಂಪುಗಳಿವೆ. ಬಾಷ್‌ನ ನೀಲಿ (ವೃತ್ತಿಪರರ) ಟೂಲಿಗೆ ಹಸಿರಿನ (ಮನೆಬಳಕೆಯ) ಬ್ಯಾಟರಿ ಕೂರುವುದಿಲ್ಲ, ಮಕೀಟಾದ 18 ವೋಲ್ಟಿನದ್ದು 40 ವೋಲ್ಟಿನ ಟೂಲಿಗೆ ಆಗುವುದಿಲ್ಲ. ಎರಡನೇ ಟೂಲನ್ನು ಬ್ಯಾಟರಿ ಇಲ್ಲದೆ ಕೊಂಡರೆ ದುಡ್ಡು ಚೆನ್ನಾಗಿ ಉಳಿಯುತ್ತದೆ. ಬಾಷ್‌ನಲ್ಲಿ ಅದಕ್ಕೆ ‘ಸೋಲೋ’ ಅಂತಾರೆ, ಮಕೀಟಾದಲ್ಲಿ ಮಾಡೆಲ್ ನಂಬರಿನ ಕೊನೆಗೆ ‘ಝಡ್’ ಇರುತ್ತದೆ.

ವೋಲ್ಟಿನ ಅಂಕಿಗೆ ಮರುಳಾಗಬೇಡಿ. 18 ವೋಲ್ಟ್, 20 ವೋಲ್ಟ್ ಮ್ಯಾಕ್ಸ್, 21 ವೋಲ್ಟ್ ಎಲ್ಲದರಲ್ಲೂ ಇರುವುದು ಸಾಲಾಗಿ ಐದು ಸೆಲ್. ಒಂದು ಸೆಲ್ 3.6 ವೋಲ್ಟ್, ಫುಲ್ ಚಾರ್ಜಿನಲ್ಲಿ 4.2. ನಾನು ಆನ್‌ಲೈನ್‌ನಲ್ಲಿ ‘48 ವಿಎಫ್’ ಅಂತ, 48 ವೋಲ್ಟ್ ಅನ್ನಿಸುವ ಹಾಗೆ ಬರೆದಿದ್ದ ಕಿಟ್ ತರಿಸಿದ್ದೆ. ಒಂದೇ ಮಳೆಗಾಲಕ್ಕೆ ಬ್ಯಾಟರಿ ಸತ್ತಿತು. ಬಿಚ್ಚಿ ನೋಡಿದರೆ ಒಳಗೆ ಅದೇ ಐದು ಸೆಲ್. ಆ ದುಡ್ಡಿಗೆ ಸ್ವಲ್ಪ ಸೇರಿಸಿದ್ದರೆ ಒಳ್ಳೆಯ ಡ್ರಿಲ್ಲೇ ಬರುತ್ತಿತ್ತು, ಇವತ್ತಿಗೂ ಬೇಜಾರಿದೆ.

ಬ್ಯಾಟರಿ ಬಿಸಿ ಇರುವಾಗಲೇ ಚಾರ್ಜಿಗೆ ಹಾಕಬೇಡಿ. ತಿಂಗಳುಗಟ್ಟಲೆ ಬಳಸದಿದ್ದರೆ ಅರ್ಧ ಚಾರ್ಜ್ ಇಟ್ಟು ತಂಪಾದ, ಒಣ ಜಾಗದಲ್ಲಿ ಇಡಿ.

ಇನ್ನು ಅಮೆರಿಕದ ವಿಷಯ. ಅಲ್ಲಿಯ ಚಾರ್ಜರ್ 120 ವೋಲ್ಟಿನದ್ದು, ನಮ್ಮ 230ಕ್ಕೆ ಚುಚ್ಚಿದರೆ ಸುಟ್ಟುಹೋಗುತ್ತದೆ. ಚಾರ್ಜರ್ ಇಲ್ಲೇ ಕೊಳ್ಳಿ, ಆ ಬ್ಯಾಟರಿಗೆ ಹೊಂದುವ ಚಾರ್ಜರ್ ಇಲ್ಲಿ ಸಿಗುತ್ತದಾ, ವಾರಂಟಿ ನಡೆಯುತ್ತದಾ ಅಂತ ಮೊದಲೇ ವಿಚಾರಿಸಿ. ಟೂಲು ಚೆಕ್-ಇನ್ ಸೂಟ್‌ಕೇಸಿಗೆ, ಬಿಡಿ ಬ್ಯಾಟರಿ ಕೈಚೀಲಕ್ಕೆ. 100 ವ್ಯಾಟ್-ಅವರ್ ದಾಟಿದರೆ ಏರ್‌ಲೈನಿನ ಒಪ್ಪಿಗೆ ಬೇಕು. ನಾನು ಮೇಲೆ ಹೇಳಿದ 90ರ ಬ್ಯಾಟರಿಗೆ ಆ ತೊಂದರೆ ಇಲ್ಲ. ಅದರ ತುದಿಗಳಿಗೆ ಟೇಪ್ ಅಂಟಿಸಿಕೊಂಡು ಬರಲು ಅಣ್ಣನಿಗೆ ಹೇಳಿ.