ಹಣ್ಣಡಿಕೆಯಷ್ಟು ಚೆಂಡು, ಅದರ ಹಿಂದಿನ ಹುಡಿ

ಪ್ರಶ್ನೆ: ಅಕ್ಕಾ, ಅಮ್ಮ ಅಂಗಳದ ಪಾಚಿಯಲ್ಲಿ ಜಾರಿ ಬಿದ್ದು ಸೊಂಟದ ಕೀಲು ಬದಲಿಸಬೇಕಾಯಿತು. ಒಳಗಿನ ಚೆಂಡು ಸೆರಾಮಿಕ್ ಅಂತೆ, ಹುಡಿಯಿಂದ ಮಾಡಿದ್ದಂತೆ. ಪಿಂಗಾಣಿ ತಟ್ಟೆಯ ಹಾಗೆ ಒಡೆದೀತು ಅಂತ ಅಮ್ಮ ಕಾಲೂರಲು ಹೆದರುತ್ತಾರೆ. ಏನು ಹೇಳಲಿ?
– ಓದುಗ, ಬದಿಯಡ್ಕ

ಉತ್ತರ: ತಮ್ಮಾ, ಡಾಕ್ಟರು ನಡೆಯಲು ಹೇಳಿದ್ದರೆ ಅಮ್ಮ ಧೈರ್ಯವಾಗಿ ಕಾಲೂರಲಿ. ನಾನು ವೈದ್ಯೆಯಲ್ಲ, ನೀರ್ಚಾಲಿಗೆ ಮರಳುವ ಮೊದಲು ಇಂಥ ಹುಡಿ ಅರೆಯುವುದೇ ನನ್ನ ಕೆಲಸವಾಗಿತ್ತು.

ತಟ್ಟೆ ಜೇಡಿಮಣ್ಣಿನದು. ಕೀಲಿನ ಚೆಂಡು ಅಲ್ಯೂಮಿನದ್ದು, ಅಂದರೆ ಅಲ್ಯೂಮಿನಿಯಂ ಲೋಹ ಆಮ್ಲಜನಕದೊಡನೆ ಸೇರಿ ಆದ ಗಟ್ಟಿ ವಸ್ತುವಿನದು; ಇಲ್ಲವೇ ಅದಕ್ಕೆ ಜಿರ್ಕೋನಿಯ, ಅಂದರೆ ಜಿರ್ಕೋನಿಯಂ ಲೋಹದ ಅಂಥದೇ ವಸ್ತು, ಬೆರೆಸಿದ್ದು. ಫ್ರಾನ್ಸಿನ ವೈದ್ಯ ಪಿಯರ್ ಬೂಟಾಂ 1970ರಲ್ಲೇ ಅಲ್ಯೂಮಿನದ ಕೀಲು ಕೂರಿಸಿದ್ದರು. ಜಿರ್ಕೋನಿಯದ ಗುಣ ದೊಡ್ಡದು: ಬಿರುಕು ಹತ್ತಿರ ಬಂದಾಗ ಅದರ ಕಣ ರೂಪ ಬದಲಿಸಿ ತುಸು ಉಬ್ಬುತ್ತದೆ, ಬಿರುಕಿನ ಬಾಯಿಯನ್ನು ಒತ್ತಿ ಹಿಡಿಯುತ್ತದೆ.

ಆದರೆ ಚೆಂಡಿನ ಗಟ್ಟಿತನ ನಿಲ್ಲುವುದು ಹುಡಿಯಲ್ಲಿ. ಕಣ ಒಂದು ಮೈಕ್ರಾನಿಗಿಂತಲೂ, ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗಕ್ಕಿಂತಲೂ, ಸಣ್ಣದಿರಬೇಕು. ಅದನ್ನು ನೀರು ಹಾಕಿ, ಗಟ್ಟಿ ಸೆರಾಮಿಕ್ ಗುಂಡುಗಳ ಜೊತೆ ತಿರುಗುವ ಡಬ್ಬದಲ್ಲಿ ಗಂಟೆಗಟ್ಟಲೆ ಅರೆಯುತ್ತೇವೆ. ದೋಸೆ ಹಿಟ್ಟಿನಂಥ ಆ ದ್ರವಕ್ಕೆ ಅಂಟು ಸೇರಿಸಿ, ಬಿಸಿಗಾಳಿಗೆ ಸಿಂಪಡಿಸಿದರೆ ಸಣ್ಣ ರವೆಯಂತೆ ಉದುರುತ್ತದೆ. ಆ ರವೆಯನ್ನು ಅಚ್ಚಿನಲ್ಲಿ ಒತ್ತುವುದು. ಅದಕ್ಕೆ ಒಂದು ತಲೆಗೂದಲು ಬಿದ್ದರೆ ಸಾಕು, ಸುಡುವಾಗ ಕೂದಲು ಉರಿದು ಅದರ ಜಾಗದಲ್ಲಿ ಸುರಂಗ ಉಳಿಯುತ್ತದೆ. ಬಿರುಕು ಹುಟ್ಟುವುದು ಅಲ್ಲಿಂದಲೇ. ತಲೆಗೆ ಬಿಗಿಯಾಗಿ ಟೋಪಿ ಹಾಕದವರನ್ನು ನಾನು ಆ ಕೋಣೆಗೆ ಬಿಡುತ್ತಿರಲಿಲ್ಲ.

ಒಮ್ಮೆ ಕೆಲಸ ಬೇಗ ಮುಗಿಯಲೆಂದು ಕುಲುಮೆಯ ಶಾಖ ಅವಸರದಲ್ಲಿ ಏರಿಸಿದ್ದೆ. ಅಂಟು ಒಮ್ಮೆಲೇ ಹೊಗೆಯಾಗಿ, ಹೊರಬರಲು ದಾರಿಯಿಲ್ಲದೆ, ಬೆಳಿಗ್ಗೆ ಬಾಗಿಲು ತೆರೆದಾಗ ಬಿಲ್ಲೆಗಳೆಲ್ಲ ಹಪ್ಪಳದಂತೆ ಪದರ ಬಿಟ್ಟಿದ್ದವು. ಒಣಗದ ಹಸಿ ಮಡಕೆಯನ್ನು ಆವಿಗೆಗೆ ಇಡಬಾರದೆಂದು ನಮ್ಮೂರ ಕುಂಬಾರರಿಗೆ ಗೊತ್ತು. ನಾನು ಎರಡು ವಾರದ ಹುಡಿ ಕಳೆದುಕೊಂಡು ಕಲಿತೆ. ಆಮೇಲೆ ಅಂಟು ಹೋಗುವವರೆಗೆ ನಿಧಾನಕ್ಕೇ ಕಾಯಿಸಿದೆ.

ಕೊನೆಯ ಸುಡುವಿಕೆ ಸುಮಾರು 1500 ಡಿಗ್ರಿಯಲ್ಲಿ. ಕಣಗಳು ಬೆಸೆದು ತುಂಡು ಕುಗ್ಗುತ್ತದೆ. ಶೇಕಡಾ 20 ಕುಗ್ಗುವುದಾದರೆ, ಹಣ್ಣಡಿಕೆಯಷ್ಟು, ಅಂದರೆ 32 ಮಿಲಿಮೀಟರಿನ ಚೆಂಡಿಗೆ 40 ಮಿಲಿಮೀಟರ್ ಒತ್ತಬೇಕು. ಬಳಿಕ ವಜ್ರದ ಹುಡಿಯಲ್ಲಿ ಕನ್ನಡಿಯಂತೆ ಉಜ್ಜುತ್ತಾರೆ. ಒಳ್ಳೆಯ ತಯಾರಕರು ಪ್ರತಿ ಚೆಂಡಿನ ಮೇಲೂ ಭಾರ ಹೇರಿ ನೋಡಿಯೇ ಹೊರಗೆ ಕಳಿಸುತ್ತಾರೆ.

ಒಡೆಯುವುದೇ ಇಲ್ಲ ಎನ್ನಲಾರೆ, ಆದರೆ ಅದು ಅಪರೂಪ. ಅಮ್ಮ ಮತ್ತೆ ಬಿದ್ದರೆ, ಇಲ್ಲವೇ ಕೀಲಿನಲ್ಲಿ ಕರಕರ ಸದ್ದು ಕೇಳಿದರೆ ತಡಮಾಡದೆ ತೋರಿಸಿ. ಆಸ್ಪತ್ರೆಯ ಕಡತದಲ್ಲಿ ಚೆಂಡಿನ ಸ್ಟಿಕ್ಕರ್ ಅಂಟಿಸಿರುತ್ತಾರೆ, ಅದರ ಫೋಟೊ ತೆಗೆದಿಡಿ. ಅದರಲ್ಲಿರುವ ಬ್ಯಾಚ್ ನಂಬರ್ ಹಿಡಿದು ಹೋದರೆ ಚೆಂಡು ಯಾವ ಹುಡಿಯಿಂದ ಬಂತೆಂದು ಕಾರ್ಖಾನೆಯವರು ಹೇಳಬಲ್ಲರು.